ಮೂರನೇ ಖಾನಿ

ಉದ್ಯಮಬಾಗದಾಗ, ಫೌಂಡ್ರಿ ಹಿಂದಿನ ಶೆಡ್ಡಿನ್ಯಾಗ
ಕಟ್ಟಿಗಿ ಪೆಟ್ಟಿಗಿಗೆ ಅಕ್ಷರ ಹಚ್ಚಾಕಿ ನಾನು.
ತೂತು ಕೊರದ ತಗಡು ಎಡಗೈಲೆ ಒತ್ತಿ ಹಿಡಿದು
ಬಲಗೈಲೆ ಕರಿಬಣ್ಣ ಕುಟ್ಟಬೇಕು, ತಿಕ್ಕಬಾರದು.
ತಿಕ್ಕಿದರ ಬಣ್ಣ ತಗಡಿನ ಕೆಳಗ ಸೋರಿ
ಅಕ್ಷರಕ್ಕ ಮೀಸಿ ಬರತಾವ.

ಹನ್ನೆರಡು ವರ್ಷ ಇಂಗ್ಲಿಷ್ ಹಚ್ಚೀನಿ, ಓದಾಕ ಬರದಽ.
ಗ್ಲಾಸಿನ ಚಿತ್ರದ ಬಾಜೂಕ ಇಂಥಾ ತಗಡು,
ಬಾಣದ ಬಾಜೂಕ ಅಂಥಾದ್ದು, ಅಷ್ಟಽ.
ಈ ಸಲ ಮಾಲು ಸ್ಪೇನಿಗೆ.
ಪಾಟಣೇಕರ ಸಾಹೇಬರು ಒಂದು ಹಾಳಿ ತಂದುಕೊಟ್ಟರು:
ಎಡಕ್ಕ ಇಂಗ್ಲಿಷ್, ಬಲಕ್ಕ ಸ್ಪ್ಯಾನಿಷ್,
ನಡುವ ಸ್ಕೇಲಿಟ್ಟು ಎಳದ ಗೆರಿ,
ಮಾತು ಬಿಟ್ಟ ಅಣ್ಣತಮ್ಮರ ನಡುವಿನ ಗ್ವಾಡಿಯಂಗ.
ಹಾಳಿ ಅಂಚಿಗೆ ನಾಕು ಬೆರಳು ಜಾಗ ಉಳದಿತ್ತು.
ನಾ ಅಲ್ಲೊಂದು ಗೆರಿ ಎಳಕೊಂಡೆ.

ಉಣ್ಣೂ ಹೊತ್ತಿನ್ಯಾಗ ಡಿಸ್ಪ್ಯಾಚಿನ ಹುಡುಗಿ ಬರತಾಳ,
ಖಾನಾಪುರದಾಕಿ, ಎಸ್ಪೆರಾನ್ಸಾ.
ಅಕಿ ಫೋನು ಒಂದೊಂದಽ ಮಾತು ಅಂದು ತೋರಸತೈತಿ,
ನಾವಿಬ್ಬರೂ ರೊಟ್ಟಿ ಬಾಯಾಗ ಇಟ್ಟುಕೊಂಡಽ ಅಂತೀವಿ.

ಅರ್ರೀಬಾ. ನಾ ಬರದೆ: ಈ ಮಗ್ಗಲು ಮ್ಯಾಲೆ.
ಎಚೋ ಎನ್ ಇಂಡಿಯಾ. ಇಲ್ಲೆ ಮಾಡಿದ್ದು.
ಅದರ ಮೊದಲ ಅಕ್ಷರ ಹಚ್ಚಬೇಕಂತ, ಅನಬಾರದಂತ.
ಗಂಡನ ಹೆಸರಿನಂಗ ಅಂದೆ. ಎಸ್ಪೆರಾನ್ಸಾಗ ನಗಿ ತಡೀಲಿಲ್ಲ.
ಕುಯ್ದಾದೋ ಅಂದ್ರ ಮೆತ್ತಗ ಎತ್ತೂದೂ ಹೌದು,
ಮ್ಯಾಲಿಂದ ಏನರೆ ಬಿದ್ದರ ಒದರೂದೂ ಹೌದು.
ಇದಕ್ಕ ತಡಾ ಆಗಲಿಲ್ಲ. ಜ್ವಾಕಿ, ಅಂತ ಬರದೆ.

ಹಾಳಿಯೊಳಗ ಇಲ್ಲದ್ದೂ ಕೇಳಿದ್ವಿ.
ಕಾಸಾ ಅಂದ್ರ ಅಲ್ಲಿ ಮನಿ.
ನಾ ದಿನಾ ಮುಂಜಾನೆ ಬುಟ್ಟಿ ತುಂಬ ಹೊರಗ ಚೆಲ್ಲೂದು ಏನು ಹಂಗಾರ?
ಒಂದಿನ ಅಕಿ ತನ್ನ ಹೆಸರು ಹಾಕಿ ನೋಡಿದಳು.
ಅಜ್ಜಿಯ ಅಜ್ಜಿಯಿಂದ ಬಂದ ಹೆಸರು, ಅರ್ಥ ಯಾರೂ ಕೇಳಿದ್ದಿಲ್ಲ.
ಆಸೆ, ಅಂತು ಫೋನು.
ಅದರ ಕ್ರಿಯಾಪದಕ್ಕ ಕಾಯೂದು ಅಂತಾನೂ ಅರ್ಥ ಐತೆಂತ.
ಅಕಿ ಸುಮ್ಮಕಾದಳು. ಡಬ್ಬಿ ಮುಚ್ಚಿದಳು, ತಿರುಗಿ ತಗದಳು.
ನಾ ಯೋಚನಿ ಮಾಡಿ ಬರದೆ: ಹಾದಿ ನೋಡೂದು.

ಲಾರಿ ಬಂದ ದಿನ ಗದ್ದಲ ಆತು.
ಚಿಕ್ಕೋಡಿ ಕಡೆಯ ಡ್ರೈವರ ದುಂಡಪ್ಪ
ನಂಬರ್ ಪ್ಲೇಟಿನಿಂದ ಕಲತ ಎಬಿಸಿಡಿ ಕೂಡಿಸಿ
ಪೆಟ್ಟಿಗಿ ಮ್ಯಾಲೆ ಓದಿದ: ಬೀ, ಓ, ಎಮ್, ಬೀ...
ಚಾವಿ ಕಿತ್ತುಕೊಂಡು ಗೇಟಿನ ತನಕ ಓಡಿದ.
ಹದಿನಾಕು ಪೆಟ್ಟಿಗಿ! ಹದಿನಾಕು!
ಪಾಟಣೇಕರ ಹಾಳಿ ಹಿಡಕೊಂಡು ಬೆನ್ನು ಹತ್ತಿದರು,
ಬೋಂಬಾ ಅಂದ್ರ ಪಂಪೋ ಮಾರಾಯಾ, ನೀರಿನ ಪಂಪು!
ಈ ಹಾಳಿ ನಾಕಾದಾಗ ಪೊಲೀಸರ ಕೂಡ ಮಾತಾಡತೈತೇನ್ರಿ, ಅಂದ ಅಂವ.
ಅದಕ್ಕ ಸಾಹೇಬರ ಹತ್ತರ ಯಾವ ಖಾನಿಯೊಳಗೂ ಉತ್ತರ ಇರಲಿಲ್ಲ.

ನಾ ಕುಂಚ ತಗೊಂಡೆ. ತಗಡು ತಗೊಳ್ಳಲಿಲ್ಲ.
ನಾಕನೇ ಇಯತ್ತೆ ಬಿಟ್ಟ ಮ್ಯಾಲೆ ಮೊದಲ ಸಲ
ಅಷ್ಟು ದೊಡ್ಡದಾಗಿ ಬರದಿದ್ದು, ಹದಿನಾಕು ಸರತಿ:
ನೀರೆತ್ತೂದು.
ದುಂಡಪ್ಪ ಬೆರಳಿಟ್ಟು ಓದಿದ, ಬೆರಳಿಗೆ ಬಣ್ಣ ಹತ್ತಿತು.
ಹಿಂಗ ಮೊದಲಽ ಹೇಳಬೇಕಿಲ್ಲ, ಅಂತ ಗಾಡಿ ಚಾಲೂ ಮಾಡಿದ.

ನಿನ್ನೆ ಅಲ್ಲಿಂದ ಒಂದು ಫೋಟೋ ಬಂತು.
ಪೆಟ್ಟಿಗಿ ನೆಟ್ಟಗ ನಿಂತೈತಿ, ಮೂಲಿ ಮುಕ್ಕಾಗಿಲ್ಲ.
ಕೆಳಗ ಯಾರೋ ಕೇಳ್ಯಾರ:
ಈ ದುಂಡದುಂಡನ ಬರಹ ಏನು? ನಿಮ್ಮ ಕಂಪನಿಯ ಗುರುತೇನು?
ಏನಂತ ಬರೀಲಿ ಯಮನವ್ವಾ, ಅಂತ ಸಾಹೇಬರು ಮೂರು ಸಲ ಬಂದು ಹ್ವಾದರು.

ಹೇಳತೀನಿ ತಡೀರಿ, ಈ ಪೆಟ್ಟಿಗಿ ಮುಗೀಲಿ.
ಬಣ್ಣ ಇನ್ನೂ ಹಸಿ ಐತಿ.
ಹಾದಿ ನೋಡಲಿ ಅವರೂ ಒಂದೀಟು.